ಗುಡ್ಡವಿಲ್ಲದ ಹಿಲ್‌ವ್ಯೂ ರಸ್ತೆ

ಶಿಕಾಗೋದಿಂದ ಪಶ್ಚಿಮಕ್ಕೆ ಹೋದಷ್ಟೂ ನೆಲ ಹಂಚಿನ ಹಾಗೆ ಮಟ್ಟಸ. ಅಂಥ ಕಡೆ ಡನ್‌ಬರಿ ಗ್ರೋವ್ ಊರಿನವರಿಗೆ ಮಾತ್ರ ಒಂದು ಗುಡ್ಡವಿತ್ತು. ಕೆಲ್ಲರ್ ಗುಡ್ಡ. ಎಂದೋ ಕರಗಿದ ಹಿಮರಾಶಿ ಬಿಟ್ಟುಹೋದ ಜಲ್ಲಿ ಅದು ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳುತ್ತಿದ್ದರು. ಎಮಿಲ್ ಹ್ರುಸ್ಕಾನಿಗೆ ಆ ಪಾಠ ತಲೆಗೆ ಹತ್ತಿರಲಿಲ್ಲ. ಚಳಿಗಾಲದಲ್ಲಿ ಅಲ್ಲಿಂದ ಹಿಮದ ಮೇಲೆ ಜಾರಿ ಜಾರಿ ಚಡ್ಡಿ ಹರಿದುಕೊಂಡದ್ದಷ್ಟೇ ಗೊತ್ತು.

ಐವತ್ತರ ದಶಕದಲ್ಲಿ ಹೆದ್ದಾರಿ ಬಂತು. ಹೆದ್ದಾರಿಗೆ ಜಲ್ಲಿ ಬೇಕಾಗಿ ಊರ ಮಂಡಳಿ ಗುಡ್ಡವನ್ನೇ ಮಾರಿತು. ಎಮಿಲ್ ಆಗಷ್ಟೇ ಸೈನ್ಯದಿಂದ ಬಂದು, ಮದುವೆಯಾಗಿ, ಕಂತ್ರಾಟುದಾರನೊಬ್ಬನ ಟಿಪ್ಪರ್ ಓಡಿಸುತ್ತಿದ್ದ. ತಾನು ಜಾರಿ ಬೆಳೆದ ಗುಡ್ಡವನ್ನು ತಾನೇ ಲೋಡುಗಟ್ಟಲೆ ಸಾಗಿಸಿದ.

“ಅಲ್ಲೋ ಎಮಿಲ್, ಸಂಜೆ ಬರೋವಾಗ ಒಂದಿಷ್ಟು ತಗೊಂಡ್ ಬಾ. ಹಿತ್ತಲಲ್ಲಿ ಇಟ್ಕೊಳೋಣ,” ಎಂದು ಹೆಂಡತಿ ಡೆಲೋರಿಸ್ ರೇಗಿಸುವಳು.

“ನಿನ್ನ ಟೊಮೇಟೊ ಗಿಡಕ್ಕೇ ಅಲ್ಲಿ ಜಾಗ ಇಲ್ಲ, ಇನ್ನು ಗುಡ್ಡ ಬೇರೆ!”

ನಗುನಗುತ್ತಲೇ ಗುಡ್ಡ ಕರಗಿಹೋಯಿತು. ಆಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ. ಊರ ಸುತ್ತಲಿನ ಈರುಳ್ಳಿ ಹೊಲಗಳೆಲ್ಲ ಮನೆಗಳಾದವು. ಗುಡ್ಡವಿದ್ದಲ್ಲಿ ಅಂಗಡಿಗಳು, ಕಾರು ನಿಲ್ಲಿಸುವ ಬಯಲು. ಎಮಿಲ್‌ನ ಮನೆಯ ಬೀದಿಗೆ ಮಾತ್ರ ಹಿಲ್‌ವ್ಯೂ ಎಂಬ ಹೆಸರು ಉಳಿಯಿತು. ಹೊಸ ಮನೆಗಳ ಮಕ್ಕಳು ಬೇಲಿಯಾಚೆ ನಿಂತು ಕೇಳುತ್ತಿದ್ದರು: “ಗುಡ್ಡ ಎಲ್ಲಿ ತಾತಾ?”

“ನಿಮ್ಮಪ್ಪ ಆಫೀಸಿಗೆ ಹೋಗೋ ರೋಡಿನ ಅಡೀಲಿದೆ, ಮಗಾ.”

ಡೆಲೋರಿಸ್ ತೀರಿಕೊಂಡ ಮೇಲೆ ಅವನಿಗೆ ಗುಡ್ಡದ ನೆನಪು ಹೆಚ್ಚಾಯಿತು. ಆ ಹೊತ್ತಿಗೇ ಊರಾಚೆಯ ಕಸದ ತಿಪ್ಪೆ ತುಂಬಿ, ಮಂಡಳಿ ಅದಕ್ಕೆ ಮಣ್ಣು ಹೊದಿಸಿ, ಹುಲ್ಲು ಬೆಳೆಸಿ, ಮಕ್ಕಳು ಜಾರುವ ಗುಡ್ಡ ಮಾಡಿತು. ಅದಕ್ಕೆ ಹೆಸರಿಡುವ ಸಭೆಗೆ ಮಗಳು ಮಾರ್ಲೀನ್ ಜೊತೆ ಎಮಿಲ್ ಹೋದ. ಜನ್ಮದಲ್ಲೇ ಸಭೆಯಲ್ಲಿ ಬಾಯಿ ಬಿಟ್ಟವನಲ್ಲ. ಮೈಕಿನ ಮುಂದೆ ಟೋಪಿ ತೆಗೆದು, “ಕೆಲ್ಲರ್ ಗುಡ್ಡ ಅಂತಿಡಿ,” ಎಂದ.

ಅಧ್ಯಕ್ಷೆ ಶ್ರೀಮತಿ ಲಿಂಡ್‌ಕ್ವಿಸ್ಟ್ ಮೃದುವಾಗಿಯೇ ಕೇಳಿದಳು, “ಹ್ರುಸ್ಕಾ ಅವರೇ, ಕೆಲ್ಲರ್ ಅಂದ್ರೆ ಯಾರು?”

“ಯಾರೋ ಗೊತ್ತಿಲ್ಲಮ್ಮ. ಗುಡ್ಡ ಗೊತ್ತು.”

“ಕಸದ ರಾಶಿಗೆ ಇಷ್ಟೊಂದು ಚರ್ಚೆನಾ!” ಎಂದು ಹಿಂದಿನಿಂದ ಯಾರೋ ಅಂದರು. ಸಭೆ ನಕ್ಕಿತು. ಎಮಿಲ್ ಟೋಪಿ ಹಾಕಿಕೊಂಡು ಮಗಳ ಪಕ್ಕ ಹೋಗಿ ಕೂತ. ಊರಿಗೆ ನೂರು ವರ್ಷವಾದ ನೆನಪಿಗೆ ‘ಸೆಂಟೆನಿಯಲ್ ಪಾರ್ಕ್’ ಎಂದು ಕೈಯೆತ್ತಿ ತೀರ್ಮಾನಿಸಿದರು.

ಮೊದಲ ಹಿಮ ಬಿದ್ದ ಭಾನುವಾರ ಮಾರ್ಲೀನ್ ಅವನ ತೋಳು ಹಿಡಿದು ಹೊಸ ಗುಡ್ಡ ಹತ್ತಿಸಿದಳು. ದೂರದಲ್ಲಿ ಶಿಕಾಗೋದ ಗೋಪುರಗಳು ಮಸುಕಾಗಿ ಕಂಡವು.

“ಹಳೇದು ಎಲ್ಲಿತ್ತಪ್ಪಾ?”

“ಆ ದೊಡ್ಡ ಅಂಗಡಿ ಮಾಳಿಗೆ ಕಾಣ್ತಾ? ಅದರ ಮೇಲೆ. ಇನ್ನೂ ಮೇಲೆ... ಅಗೋ, ಅಲ್ಲಿ.” ಅವನ ಬೆರಳು ಬರಿಯ ಗಾಳಿಯನ್ನು ತೋರಿಸುತ್ತಿತ್ತು. “ಅಲ್ಲಿ ಕೂತು ನಿಮ್ಮಮ್ಮ ಬೂಟಿನೊಳಗಿನ ಹಿಮ ಕೊಡವ್ತಾ ಇದ್ಲು. ನಾನು ಏನೋ ತೊದಲ್ತಾ ಇದ್ದೆ. ‘ಮದುವೆ ವಿಷಯ ಆದ್ರೆ ಬೇಗ ಹೇಳೋ, ಕಾಲು ಮರಗಟ್ತಿದೆ’ ಅಂದ್ಲು.”

ಮಾರ್ಲೀನ್ ಈ ಕಥೆ ಕೇಳಿಯೇ ಇರಲಿಲ್ಲ. ನಗುತ್ತ ಕಣ್ಣೊರೆಸಿಕೊಂಡಳು.

“ನಡಿ ಅಪ್ಪ, ಚಳಿ.”

“ಇರು, ಇನ್ನೊಂಚೂರು ನೋಡ್ತೀನಿ,” ಎಂದು ಎಮಿಲ್ ಅಲ್ಲೇ ನಿಂತ. ಮಕ್ಕಳು ಕೂಗುತ್ತ ಅವನ ಪಕ್ಕದಿಂದಲೇ ಕೆಳಗೆ ಜಾರಿಹೋಗುತ್ತಿದ್ದರು.