ಸೂತಕದ ಮನೆಯ ಶಾವಿಗೆ

ಮಗಳ ಹೊಸ ಮನೆಯಲ್ಲಿ ಹಾಲು ಉಕ್ಕಿಸಬೇಕಾದವಳು ನಾನು. ಉಕ್ಕಿಸಲಿಲ್ಲ. ಹಿಂದಿನ ದಿನ ಸಾವಿನ ಮನೆಯಲ್ಲಿ ಕೂತು ಒಂದು ಬಟ್ಟಲು ಶಾವಿಗೆ ತಿಂದಿದ್ದೆ. ಈ ವಿಷಯವನ್ನು ನಮ್ಮವರು ಒಬ್ಬೊಬ್ಬರು ಒಂದೊಂದು ಥರ ಹೇಳಿಕೊಂಡು ಬಂದಿದ್ದಾರೆ. ತಿಂದವಳು ನಾನು, ನಾನೇ ಬರೆದುಬಿಡುತ್ತೇನೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ಡಾಟ್ ಕಾಮ್ ಎಂದು ಎಲ್ಲರೂ ಕುಣಿಯುತ್ತಿದ್ದ ಕಾಲ ಅದು. ಮಗಳು, ಅಳಿಯ ಇಬ್ಬರೂ ಬೆಳಗಾದರೆ ಫ್ರೀವೇ ಹಿಡಿದು ಹೋಗುವರು. ಬೆರ್ರಿಯೆಸಾದ ಅಪಾರ್ಟ್‌ಮೆಂಟಿನಲ್ಲಿ ನಾನು, ಮೊಮ್ಮಗು, ಫ್ರಿಜ್ಜಿನ ಸದ್ದು. ಯಜಮಾನರು ತೀರಿಕೊಂಡ ಮೇಲೆ ಮಗು ನೋಡಿಕೊಳ್ಳಲು ಮಂಡ್ಯ ಕಡೆಯಿಂದ ಕಡಲು ದಾಟಿ ಬಂದವಳು ನಾನು. ಮಾತಾಡಲು ಜನವೇ ಇರಲಿಲ್ಲ.

ಕೆಳಗಿನ ಮನೆಯಲ್ಲಿ ಲಾವೋಸ್ ಎಂಬ ದೇಶದ ಬೆಟ್ಟದ ಸೀಮೆಯಿಂದ ಬಂದ ಹೆಂಗಸೊಬ್ಬಳಿದ್ದಳು. ನನ್ನದೇ ವಯಸ್ಸು. ಬಣ್ಣದ ಖಾಲಿ ಬಕೀಟುಗಳಲ್ಲಿ ಮೆಣಸಿನ ಗಿಡ, ಕೊತ್ತಂಬರಿ ಬೆಳೆದಿದ್ದಳು. ಗಂಡನಿಗೆ ಶ್ವಾಸಕೋಶದ ಕಾಯಿಲೆ. ಅವನು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತು ಕೆಮ್ಮುತ್ತಿದ್ದ. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ಇಬ್ಬರಿಗೂ ಸೇರಿ ಹತ್ತಿಪ್ಪತ್ತು ಇಂಗ್ಲಿಷ್ ಪದ. ಅಷ್ಟು ಸಾಕಾಗಿತ್ತು. ನಾನು ಮಜ್ಜಿಗೆ ಮೆಣಸಿನಕಾಯಿ ಕೊಟ್ಟೆ, ಅವಳು ಶಾವಿಗೆ ಕೊಟ್ಟಳು.

ಅದಕ್ಕೆ ಅವರು ಖಾವ್ ಸೋಯ್ ಅನ್ನುತ್ತಾರಂತೆ. ನಾನು ಶಾವಿಗೆ ಎಂದೇ ಕರೆದೆ. ನಮ್ಮ ಹಾಗೆ ಒತ್ತುವುದಿಲ್ಲ. ಕುದಿಯುವ ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದು, ಮೇಲೆ ಅಕ್ಕಿ ಹಿಟ್ಟು ಹುಯ್ದು, ಹಾಳೆಯ ಹಾಗೆ ಬೆಂದದ್ದನ್ನು ಕಡ್ಡಿಯಲ್ಲಿ ಎತ್ತಿ ಕತ್ತರಿಯಲ್ಲಿ ಪಟ್ಟಿ ಪಟ್ಟಿಯಾಗಿ ಕತ್ತರಿಸುತ್ತಾಳೆ. ಮೇಲೆ ಬಿಸಿ ತಿಳಿಸಾರು, ಹುಳಿ ಬರಿಸಿದ ಕಾಳಿನ ಖಾರ. ಬಟ್ಟೆಯ ಮೇಲೆ ಬೇಯಿಸುವುದನ್ನು ಕಂಡು ನನ್ನ ಜೀವಕ್ಕೆ ಸಮಾಧಾನವಾಗಿತ್ತು. ನಮ್ಮತ್ತೆ ಇಡ್ಲಿ ಬೇಯಿಸುತ್ತಿದ್ದದ್ದೂ ಬಟ್ಟೆಯ ಮೇಲೆಯೇ. ಕಾಳಿನ ವಾಸನೆಗೆ ಮಾತ್ರ ಮೊದಲ ಸಲ ಮೂಗಿಗೆ ಸೆರಗು ಹಿಡಿದೆ. ಆಮೇಲೆ ಅಭ್ಯಾಸವಾಯಿತು.

ಆ ವರ್ಷ ಷೇರು ಏರಿತು ಎಂದು ಮಗಳು ಕಾರಿನಲ್ಲಿ ಅರ್ಧ ಗಂಟೆ ದೂರದ ನೆವಾರ್ಕಿನಲ್ಲಿ ಮನೆ ಕೊಂಡಳು. ಒಂದು ದಿನ ಬಂದು ಹೇಳಿದಳು:

“ಅವ್ವ, ಹಾಲು ನೀನೇ ಉಕ್ಕಿಸ್ಬೇಕು.”

“ಮುಂಡೆ ಕೈಲಿ ಹಾಲು ಉಕ್ಕಿಸ್ತಾರೇನೆ? ನಿಮ್ಮತ್ತೆ ಊರಲ್ಲಿ ಫೋನು ಹಿಡ್ಕಂಡೇ ಎದೆ ಬಡ್ಕೊತಾಳೆ.”

“ಬಡ್ಕೊಳ್ಳಿ ಬಿಡು. ನನ್ನ ಮನೆ, ನನ್ನ ಸ್ಟವ್ವು.”

ಅತ್ತೆಯ ಹತ್ತಿರ ಜಗಳವಾಡಿದಳು. ಫ್ರೀಮಾಂಟಿನಲ್ಲಿದ್ದ ಅಳಿಯನ ಅಕ್ಕನ ಹತ್ತಿರವೂ ಆಡಿದಳು. ಪುರೋಹಿತರನ್ನು ಒಪ್ಪಿಸಿದಳು. ನನಗೆ ಹಸಿರು ಅಂಚಿನ ಸೀರೆ ತಂದಳು. ಯಜಮಾನರು ಹೋದ ಮೇಲೆ ಯಾವ ಶುಭಕಾರ್ಯದಲ್ಲೂ ನಾನು ಅಡುಗೆಮನೆ ಬಾಗಿಲು ದಾಟಿ ಮುಂದೆ ಬಂದವಳಲ್ಲ. ಬೇಡ ಬೇಡ ಎಂದೆ, ಬಾಯಲ್ಲಿ. ಒಳಗೆ ಬೇಕಾಗಿತ್ತು.

ಪೂಜೆಯ ಹಿಂದಿನ ದಿನ ಬೆಳಿಗ್ಗೆ ಕೆಳಗಿನ ಮನೆಯ ಗಂಡ ಆಸ್ಪತ್ರೆಯಲ್ಲಿ ಸತ್ತ. ಮಗಳು, ಅಳಿಯ ಮಗುವನ್ನು ಕರೆದುಕೊಂಡು ತೋರಣ ಕಟ್ಟಲು ಹೊಸ ಮನೆಗೆ ಹೋಗಿದ್ದರು. ಬಾಗಿಲಲ್ಲಿ ನಿಂತು, ಮುಖ ತೋರಿಸಿ, ಬಂದು ತಲೆಗೆ ನೀರು ಹುಯ್ದುಕೊಂಡರೆ ಆಯಿತು ಎಂದು ನಾನು ಇಳಿದು ಹೋದೆ. ಅಷ್ಟಕ್ಕೆ ಅಡ್ಡಿಯಿಲ್ಲ. ಸಾವಿನ ಮನೆಗೆ ಹೋದರೆ ಸ್ನಾನಕ್ಕೆ ಕಳೆಯುತ್ತದೆ. ಉಂಡರೆ ಸೂತಕ ನಮಗೂ ಅಂಟುತ್ತದೆ. ಇದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು.

ಅಲ್ಲಿ ಮನೆ ತುಂಬ ಜನ. ಅಡುಗೆಮನೆಯಲ್ಲಿ ದೊಡ್ಡ ದೊಡ್ಡ ಪಾತ್ರೆ ಕುದಿಯುತ್ತಿದ್ದವು. ಗಂಡಸರು ಇಸ್ಪೀಟು ಆಡುತ್ತಿದ್ದರು. ನಮ್ಮಲ್ಲಾಗಿದ್ದರೆ ಚಪ್ಪಲಿಯಲ್ಲಿ ಹೊಡೆಯುತ್ತಿದ್ದರು. ಸತ್ತ ಮನೆ ಖಾಲಿ ಇರಬಾರದು, ಬಂದವರು ಉಂಡು ಕೂರಬೇಕು, ಅದು ಅವರ ಪದ್ಧತಿ. ಅವಳು ನನ್ನನ್ನು ಕಂಡವಳೇ ಒಳಗೆ ಹೋಗಿ ಒಂದು ಬಟ್ಟಲು ತಂದಳು. ಬೆರಳಲ್ಲಿ ಬಟ್ಟಲು ತೋರಿಸಿ ಹೇಳಿದಳು:

“ನೋ ಮೀಟ್. ನೋ ಮೀಟ್. ಟುಮಾರೋ ಪೂಜಾ.”

ನಾಡಿದ್ದು ಪೂಜೆ, ಮುಗಿಯುವ ತನಕ ಮಾಂಸ ಮುಟ್ಟುವುದಿಲ್ಲ ಎಂದು ಹಿಂದಿನ ದಿನ ಕೈಸನ್ನೆಯಲ್ಲಿ ಹೇಳಿದ್ದವಳು ನಾನೇ. ಗಂಡ ಸತ್ತ ಬೆಳಿಗ್ಗೆ ಅದನ್ನು ನೆನಪಿಟ್ಟುಕೊಂಡು ನನಗೆಂದು ಬೇರೆ ಪಾತ್ರೆಯಲ್ಲಿ ಸಾರು ಕಾಯಿಸಿದ್ದಳು.

ನನ್ನ ಗಂಡ ಸತ್ತಾಗ ಊರೆಲ್ಲ ಬಂದಿತ್ತು. ಜಗಲಿಯಲ್ಲಿ ನಿಂತು ಮಾತಾಡಿ ಹೋದರು. ನನ್ನ ಒಡಹುಟ್ಟಿದ ತಂಗಿ ಕೂಡ ಒಂದು ಲೋಟ ನೀರು ಮುಟ್ಟಲಿಲ್ಲ. ಅವಳನ್ನು ದೂರುವುದಿಲ್ಲ, ಪದ್ಧತಿ. ಆದರೆ ಹಾಗೆ ನಿಂತು ಹೋಗುವವರ ಬೆನ್ನು ನೋಡುತ್ತ ಕೂರುವುದು ಹೇಗಿರುತ್ತದೆ ಎಂದು ಕೂತವರಿಗೆ ಗೊತ್ತು.

ಹಸಿರು ಅಂಚಿನ ಸೀರೆ ಮೇಲಿನ ಮನೆಯ ಮಂಚದ ಮೇಲಿತ್ತು. ಅದು ಕಣ್ಣ ಮುಂದೆ ಬಂತು. ನಾನು ಕೆಳಗೆ ಕೂತು ತಿಂದೆ.

ಶಾವಿಗೆ ದಪ್ಪವಾಗಿತ್ತು, ಒಂದಕ್ಕೊಂದು ಅಂಟಿತ್ತು. ಉಪ್ಪು ಜಾಸ್ತಿ. ಅವಳ ಕೈ ಉಪ್ಪಿಗೆ ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಕಾಳಿನ ಖಾರ ಗಂಟಲು ಸುಟ್ಟಿತು. ಅವಳು ಎದುರಿಗೆ ಕುಕ್ಕರಗಾಲಲ್ಲಿ ಕೂತು, ನಾನು ಬಟ್ಟಲು ಎತ್ತಿ ಸಾರು ಕುಡಿದು ಮುಗಿಸುವವರೆಗೂ ನೋಡಿದಳು. ಆಮೇಲೆ ಎದ್ದು ಇನ್ನೊಬ್ಬರಿಗೆ ಬಡಿಸಲು ಹೋದಳು. ಅಷ್ಟೇ.

ಸಂಜೆ ಮಗಳು ಬಂದವಳೇ ಮೂಗು ಅರಳಿಸಿದಳು.

“ಅವ್ವ, ಆ ಕಾಳಿನ ವಾಸ್ನೆ... ಕೆಳಗಡೆ ಹೋಗಿದ್ಯಾ? ಆಯಪ್ಪ ಹೋಗ್ಬಿಟ್ರಂತೆ?”

“ಹೋಗಿದ್ದೆ.”

“ಸರಿ, ಸ್ನಾನ ಆಯ್ತಲ್ಲ. ತಿನ್ಲಿಲ್ಲ ತಾನೆ?”

“ತಿಂದೆ.”

ಅವಳು ಅಲ್ಲೇ ಕೂತಳು. “ಯಾರ್ ಯಾರ್ ಹತ್ರ ಬಾಯ್ ಮಾಡಿ ಒಪ್ಸಿದೀನಿ ಗೊತ್ತಾ ನಿಂಗೆ? ಇಲ್ಲ ಅಂತಾದ್ರೂ ಒಂದ್ ಸುಳ್ಳು ಹೇಳ್ಬಾರ್ದಾ?”

“ನಿನ್ನ ಮನೆ ಹಾಲಿಗೆ ಸುಳ್ಳು ಹೇಳಿ ಕೈ ಹಾಕ್ಲಾ?”

ಮಗಳು, ಅಳಿಯ ಪುರೋಹಿತರಿಗೆ ಫೋನು ಮಾಡಿದರು. ಬರಬಹುದು, ಆದರೆ ಒಳಗೆ ಬೇಡ, ಹಾಲು ಮುಟ್ಟುವುದಂತೂ ಬೇಡ ಎಂದರು. ಮಗಳು ಆಮೇಲೆ ಜಗಳವಾಡಲಿಲ್ಲ. ಸೀರೆಯನ್ನು ಮಡಿಸಿ ಒಳಗಿಟ್ಟಳು.

ಮರುದಿನ ನಾನು ಹೊಸ ಮನೆಯ ಮುಂದೆ ಕಾರಿನಲ್ಲಿ ಕೂತಿದ್ದೆ. ಅಳಿಯನ ಅಕ್ಕ ಬಗ್ಗಿ ನೋಡಿ, “ಅಮ್ಮಾ, ಚಳಿ ಆದ್ರೆ ಹೀಟರ್ ಹಾಕೊಳ್ಳಿ. ನೂಡಲ್ಸ್ ಏನಾದ್ರೂ ಕಳಿಸ್ಲಾ?” ಎಂದು ಹಲ್ಲು ಬಿಟ್ಟು ಒಳಗೆ ಹೋದಳು. ಹಾಲು ಅವಳೇ ಉಕ್ಕಿಸಿದಳು. ಹೋಮದ ಹೊಗೆಗೆ ಗೋಡೆಯ ಅಲಾರಂ ಕಿರುಚಿಕೊಂಡಿತು. ಒಳಗಿದ್ದವರೆಲ್ಲ ಕಣ್ಣೊರೆಸಿಕೊಳ್ಳುತ್ತ ನಾನಿದ್ದಲ್ಲಿಗೇ ಓಡಿ ಬಂದರು. ನಗು ಬಂತು. ನಗಲಿಲ್ಲ.

ಆ ಮನೆಯಲ್ಲಿ ನಾವು ಬಹಳ ಕಾಲ ಇರಲಿಲ್ಲ. ಡಾಟ್ ಕಾಮ್ ಒಡೆಯಿತು. ಮೊದಲು ಅಳಿಯನ ಕಂಪನಿ ಮುಚ್ಚಿತು, ಆಮೇಲೆ ಮಗಳ ಕೆಲಸ ಹೋಯಿತು, ಕಂತು ಕಟ್ಟಲಾಗದೆ ಮನೆ ಬ್ಯಾಂಕಿನ ಪಾಲಾಯಿತು. ಬೆರ್ರಿಯೆಸಾದ ಅದೇ ಅಪಾರ್ಟ್‌ಮೆಂಟಿಗೆ ವಾಪಸು ಬಂದೆವು. ಕೆಳಗಿನ ಮನೆಯಲ್ಲಿ ಬೇರೆಯವರಿದ್ದರು. ಆ ಹೆಂಗಸನ್ನು ಅವಳ ಮಗಳು ತನ್ನೂರಿಗೆ ಕರೆದುಕೊಂಡು ಹೋದಳಂತೆ. ಯಾವ ಊರು ಎಂದು ಹೇಳುವವರಿರಲಿಲ್ಲ.

ಪೆಟ್ಟಿಗೆ ಬಿಚ್ಚುವಾಗ ಮಗಳು, ನನ್ನ ಕಡೆ ನೋಡದೆ, “ಅವತ್ತು ನೀನು ತಿನ್ಬಾರ್ದಿತ್ತವ್ವ” ಎಂದಳು.

“ದೇಶಕ್ಕೆ ದೇಶವೇ ಕೆಲ್ಸ ಕಳ್ಕೊಂಡ್ ಕೂತದೆ. ಅವ್ರೆಲ್ಲ ಶಾವ್ಗೆ ತಿಂದಿದ್ರಾ?”

“ಗೊತ್ತು. ಆದ್ರೂ.”

ಓದಿದವಳು, ನಂಬದವಳು, ನನಗಾಗಿ ಪದ್ಧತಿಯನ್ನೇ ಮುರಿಯಲು ಹೊರಟವಳು ಅವಳು.

“ಇವತ್ ಕೊಟ್ರೂ ತಿಂತೀನಿ ಕಣೆ” ಎಂದೆ. ಅವಳು ಪೆಟ್ಟಿಗೆ ಬಿಚ್ಚುತ್ತ ಹೋದಳು.

ಕೆಲವು ವರ್ಷ ಕಳೆದು ಅವರು ಇನ್ನೊಂದು ಮನೆ ಕೊಂಡರು, ಚಿಕ್ಕದು. ಹಾಲು ಉಕ್ಕಿಸಲು ಅಳಿಯನ ಅಕ್ಕ ಬಂದಳು. ಮಗಳು ನನ್ನನ್ನು ಕೇಳಲಿಲ್ಲ. ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದೆ, ಎಂದಿನ ಹಳೆಯ ಸೀರೆಯಲ್ಲಿ.