ತೊಳೆದರೂ ಹೋಗದ್ದು

ಬಳ್ಳಾರಿಯ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ರಕ್ತ, ಕಫ, ಮೂತ್ರ ಪರೀಕ್ಷಿಸಿ ರಿಪೋರ್ಟ್ ಬರೆಯುವುದು ನನ್ನ ಕೆಲಸ. ಮದುವೆಯಾದ ಮೊದಲ ವರ್ಷವೇ ನನ್ನ ಹೆಂಡತಿಯ ಮೂತ್ರವನ್ನು ನಾನೇ ಪರೀಕ್ಷಿಸಬೇಕಾಗಿ ಬಂತು.

ಅವಳು ಸಿರುಗುಪ್ಪದ ಆಚೆಯ ಒಂದು ಹಳ್ಳಿಯಲ್ಲಿ ಶಿಕ್ಷಕಿ. ಪಾರ್ವತಿನಗರದ ನಮ್ಮ ಬಾಡಿಗೆ ಮನೆಯಿಂದ ಬೆಳಗಾಗುತ್ತಲೇ ಬಸ್ಸಿನಲ್ಲಿ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮರಳುತ್ತಿದ್ದಳು. ದಾರಿಯಲ್ಲಿ ಎಲ್ಲಿ ಅವಸರವಾದೀತೋ ಎಂದು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಒಂದು ಭಾನುವಾರ ಬಚ್ಚಲಿನಿಂದ ಹೊರಬಂದವಳು ಗೋಡೆ ಹಿಡಿದು ನಿಂತಳು.

"ರೀ, ಒಂದಕ್ಕ ಹೋದ್ರ ಕೊಳ್ಳಿ ಇಟ್ಟಂಗ ಆಗ್ತೈತ್ರಿ. ಮತ್ತ ಮತ್ತ ಬಂದಂಗ ಆಗ್ತೈತಿ, ಹೋದ್ರ ನಾಕ್ ಹನಿ."

ಮರುದಿನ ಲ್ಯಾಬಿನಲ್ಲಿ ಅವಳ ಮೂತ್ರದ ಸ್ಲೈಡನ್ನು ಮೈಕ್ರೋಸ್ಕೋಪಿನಡಿ ನೋಡಿದೆ. ಕೀವಿನ ಕಣಗಳ ನಡುವೆ ಸಣ್ಣ ಕಡ್ಡಿಗಳಂಥ ಬ್ಯಾಕ್ಟೀರಿಯಾ. ಕೆಲವು ತೇಲುತ್ತಿದ್ದವು, ಉಳಿದವು ಮೂತ್ರಕೋಶದ ಒಳಗೋಡೆಯಿಂದ ಉದುರಿಬಂದ ಜೀವಕೋಶಗಳಿಗೆ, ಬೆಲ್ಲಕ್ಕೆ ಮುತ್ತಿದ ಇರುವೆಗಳ ಹಾಗೆ ಅಂಟಿಕೊಂಡಿದ್ದವು. ಇಂಥವನ್ನು ದಿನವೂ ನೋಡುವವನು ನಾನು. ಅವತ್ತು ಮಾತ್ರ ಬಹಳ ಹೊತ್ತು ಕಣ್ಣು ಕೀಳಲಾಗಲಿಲ್ಲ.

ಡಾಕ್ಟರಮ್ಮ ಮಾತ್ರೆ ಕೊಟ್ಟರು, ಉರಿ ಹೋಯಿತು. ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಬಂತು. ಮತ್ತೆ ಮಾತ್ರೆ, ಮತ್ತೆ ಉರಿ. ಕೊನೆಗೊಮ್ಮೆ ನನ್ನ ಹೆಂಡತಿಯೇ ಅವರನ್ನು ಕೇಳಿದಳು.

"ಮೇಡಂ, ಒಂದಕ್ಕ ಹೋದಾಗ ಎಲ್ಲಾ ಕೊಚ್ಕೊಂಡು ಹೋಗ್ಬೇಕಲ್ರಿ? ಯಾಕ ಉಳೀತಾವ?"

ಡಾಕ್ಟರಮ್ಮ ಚೀಟಿಯ ಹಿಂಬದಿಗೆ ಚಿತ್ರ ಬರೆದರು. "ನೋಡಮ್ಮ, ಇವುಕ್ಕ ಮೈತುಂಬ ಕೂದಲಂಥ ಎಳಿ ಇರ್ತಾವ. ಎಳಿ ತುದಿಗೆ ಒಂದು ಕೊಕ್ಕಿ. ಮೂತ್ರಕೋಶದ ಒಳಗೋಡಿ ಮ್ಯಾಲೆ ಒಂಥರ ಸಕ್ಕರಿ ಇರ್ತೈತಿ, ಕೊಕ್ಕಿ ಅದನ್ನ ಹಿಡ್ಕೊಂತೈತಿ. ಮೂತ್ರ ಹರದು ಎಳದ್ರ ಹಿಡಿತ ಸಡ್ಲ ಆಗಲ್ಲ, ಇನ್ನೂ ಬಿಗಿ ಆಗ್ತೈತಿ."

"ಅಷ್ಟಾದ್ರೂ ಮೈ ಸುಮ್ಮನ ಇರ್ತೈತೇನ್ರಿ?"

"ಇಲ್ಲಮ್ಮ. ಅಂಟಿಸ್ಕೊಂಡ ಜೀವಕೋಶಗಳನ್ನ ಮೈ ತಾನೇ ಕಳಚಿ ಹೊರಗ ಹಾಕ್ತೈತಿ. ಆದ್ರ ಅಷ್ಟೊತ್ತಿಗೆ ಕೆಲವು ಇನ್ನೂ ಒಳಗ ನುಗ್ಗಿ ಅಡಗಿ ಕುಂತಿರ್ತಾವ. ಅಲ್ಲಿಗೆ ಔಷಧಿ ಸರಿಯಾಗಿ ಮುಟ್ಟಲ್ಲ."

ಆಮೇಲೆ ಅವರು ದನಿ ತಗ್ಗಿಸಿ, ಗಂಡ ಹೆಂಡತಿ ಕೂಡಿದ ಮೇಲೆ ಹೀಗಾಗುವುದು ಹೆಚ್ಚು, ಅದು ಯಾರ ತಪ್ಪೂ ಅಲ್ಲ, ಪ್ರತಿ ಸಲ ಆಮೇಲೆ ತಡಮಾಡದೆ ಮೂತ್ರಕ್ಕೆ ಹೋಗಿ ಬಾ ಎಂದರು.

ಅಂದಿನಿಂದ ಅವಳ ಪಕ್ಕದಲ್ಲಿ ಮಲಗುವುದಕ್ಕೂ ನನಗೆ ಅಂಜಿಕೆ. ಒಂದು ಸಂಜೆ ಚಪಾತಿ ಲಟ್ಟಿಸುತ್ತಿದ್ದವಳು ನನ್ನ ಕಡೆ ನೋಡದೆ ಹೇಳಿದಳು.

"ನೀವು ನನ್ನ ಮುಟ್ಟಾಕ ಅಂಜ್ತೀರಿ."

"ನಿನಗ ತ್ರಾಸ ಆಗಬಾರ್ದು ಅಂತ."

"ಇದೂ ತ್ರಾಸೇ ಐತ್ರಿ."

ಎದ್ದು ಹೋಗಿ ಹಂಚಿನ ಮೇಲಿದ್ದ ಚಪಾತಿ ತಿರುವಿ ಹಾಕಿದೆ.

ಬೇಸಿಗೆ ರಜೆಗೆ ಅವಳನ್ನು ಕುರುಗೋಡಿನ ತವರುಮನೆಗೆ ಬಿಟ್ಟು ಬಂದೆ. ನಮ್ಮ ಅತ್ತೆಯ ಪ್ರಕಾರ ಇದಕ್ಕೆಲ್ಲ ಉಷ್ಣವೇ ಕಾರಣ. "ಬಸ್ಸಿನ ಸೀಟು ಕಾದಿರ್ತೈತಿ, ಈಕಿ ದಿನಾ ಅದ್ರ ಮ್ಯಾಲೆ ಕುಂತು ಹೋಗ್ತಾಳ" ಎನ್ನುತ್ತ ಜೀರಿಗೆ ನೀರು, ಬಾರ್ಲಿ ಗಂಜಿ ಮಾಡಿ ಕುಡಿಸಿದರು. ಒಂದು ಶನಿವಾರ ನಾನು ಹೋದಾಗ ಅವರಿಗೂ ಆ ಎಳೆಗಳ ವಿಷಯ ಹೇಳಿದೆ.

"ನಿಮ್ಮ ಕಣ್ಣಿಗೆ ಕಾಣ್ತಾವೇನ್ರಿ ಅವು?" ಎಂದರು.

"ಇಲ್ಲತ್ತಿ. ಬ್ಯಾಕ್ಟೀರಿಯಾ ಕಾಣ್ತಾವ, ಎಳಿ ಕಾಣಲ್ಲ. ಅದಕ್ಕ ಬ್ಯಾರೆ ದೊಡ್ಡ ಯಂತ್ರ ಬೇಕು."

ಅವರು ಒಲೆಯ ಮೇಲಿನ ಗಂಜಿ ತಿರುವತೊಡಗಿದರು.

ನಾನಿನ್ನೂ ಅಲ್ಲಿರುವಾಗಲೇ ನನ್ನ ಹೆಂಡತಿಗೆ ಚಳಿಜ್ವರ ಬಂತು. ಹಲ್ಲು ಕಟಕಟ ಎನ್ನುತ್ತಿದ್ದವು. ಬೆನ್ನಿನ ಬಲಗಡೆ ಕೈ ಇಟ್ಟರೆ ಚೀರುತ್ತಿದ್ದಳು. ಸೋಂಕು ಮೇಲಕ್ಕೆ ಹತ್ತಿ ಕಿಡ್ನಿ ಮುಟ್ಟಿದೆ ಎಂದು ನನಗೆ ಆಗಲೇ ಗೊತ್ತಾಯಿತು. ಪಕ್ಕದ ಮನೆಯವರ ಕಾರಿನಲ್ಲಿ ಬಳ್ಳಾರಿಗೆ ಕರೆತಂದು ಆಸ್ಪತ್ರೆಗೆ ಸೇರಿಸಿದೆವು.

ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ನಮ್ಮ ಲ್ಯಾಬಿಗೇ ಬಂತು. ಪ್ಲೇಟಿನ ತುಂಬ ಬ್ಯಾಕ್ಟೀರಿಯಾ ಬೆಳೆದಿತ್ತು. ಅದರ ಮೇಲೆ ಔಷಧಿಯ ಸಣ್ಣ ಬಿಲ್ಲೆಗಳನ್ನು ಇಡುತ್ತೇವೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಬೆಳೆ ಇರುವುದಿಲ್ಲ. ಅವಳು ನುಂಗಿದ್ದ ಮಾತ್ರೆಗಳ ಬಿಲ್ಲೆಗಳ ಅಂಚಿನವರೆಗೂ ಬೆಳೆ ಒತ್ತಿಕೊಂಡು ಬಂದಿತ್ತು. ಇಂಜೆಕ್ಷನ್ ಆಗಿ ಕೊಡುವ ಒಂದೆರಡರ ಸುತ್ತ ಮಾತ್ರ ಬಯಲಿತ್ತು. ರಿಪೋರ್ಟ್ ಬರೆದು ನಾನೇ ಆಸ್ಪತ್ರೆಗೆ ಒಯ್ದೆ.

"ಏನ್ ಬಂತ್ರಿ?" ಎಂದು ಹಾಸಿಗೆಯಿಂದಲೇ ಕೇಳಿದಳು.

"ಇಂಜೆಕ್ಷನ್ನೇ ಆಗ್ಬೇಕು. ಮಾತ್ರಿ ಹತ್ತಲ್ಲ."

"ಇದು ಪೂರಾ ಹೋಗ್ತೈತೇನ್ರಿ? ಖರೆ ಹೇಳ್ರಿ."

"ಈ ಸಲದ್ದು ಹೋಗ್ತೈತಿ" ಎಂದೆ. ಅವಳು ಸೂಜಿ ಚುಚ್ಚಿದ್ದ ಕೈಯನ್ನು ನನ್ನ ಕೈ ಮೇಲಿಟ್ಟು ಕಣ್ಣು ಮುಚ್ಚಿದಳು.

ಜ್ವರ ಇಳಿಯಿತು. ಬಹಳ ಸೊರಗಿ ಮನೆಗೆ ಬಂದಳು. ಶಾಲೆ ಶುರುವಾದಾಗ ಬೇಡವೆಂದರೂ ಕೇಳದೆ ಹೊರಟಳು. ಈಗ ಎರಡು ಬಾಟಲಿ ನೀರು ಒಯ್ಯುತ್ತಾಳೆ, ದಾರಿಯಲ್ಲಿ ಇಳಿಯಬೇಕಾದರೆ ನಾಚದೆ ಇಳಿಯುತ್ತಾಳೆ. ಮಳೆಗಾಲವೆಲ್ಲ ಚೆನ್ನಾಗಿದ್ದಳು. ನಾವಿಬ್ಬರೂ ಅದರ ಮಾತನ್ನೇ ಎತ್ತುತ್ತಿರಲಿಲ್ಲ.

ಹೋದ ವಾರ ಸಿರುಗುಪ್ಪ ಬಸ್‌ಸ್ಟ್ಯಾಂಡಿನಿಂದ ಫೋನ್ ಮಾಡಿದಳು.

"ರೀ, ಮತ್ತ ಶುರು ಆಗೈತ್ರಿ."

"ಅಲ್ಲೇ ಇರು, ನಾನು ಬರ್ತೀನಿ."

"ನೀವು ಬಂದೇನ್ ಮಾಡ್ತೀರಿ? ಬಸ್ ಬಂತು, ಹತ್ತತೀನಿ."

ಫೋನ್ ಇಟ್ಟಳು. ಅವಳ ಬಸ್ಸು ಬಳ್ಳಾರಿ ಮುಟ್ಟಲು ಇನ್ನೂ ಬಹಳ ಹೊತ್ತಿತ್ತು. ಆದರೂ ಲ್ಯಾಬಿಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತೆ.