ವೆರೀನಾ ಬಿಟ್ಟುಹೋದ ಕಾಗದಗಳು

ವೆರೀನಾ ಶ್ಟಾಲ್ಡರ್ ತೀರಿಕೊಂಡ ಮೂರನೇ ವಾರ ಅವಳ ಟ್ರಂಕು ನಮ್ಮ ಗೋಲ್ಡನ್ ಊರಿನ ಮ್ಯೂಸಿಯಮ್ಮಿಗೆ ಬಂತು. ಅದರೊಳಗಿನದನ್ನು ಜೋಡಿಸಿಡುವ ಕೆಲಸ ನನ್ನ ಪಾಲಿಗೆ ಬಿತ್ತು. ಇಪ್ಪತ್ತು ವರ್ಷ ಅಂಚೆ ಕಚೇರಿಯಲ್ಲಿ ಅವಳ ಕೈಕೆಳಗೆ ಕಾಗದ ವಿಂಗಡಿಸಿದವಳು ನಾನೇ ತಾನೆ.

ಟ್ರಂಕಿನಲ್ಲಿ ಮೂವತ್ತೊಂದು ನೋಟ್‌ಬುಕ್ಕುಗಳಿದ್ದವು. ಬೆಟ್ಟದ ಚಳಿಗೆ ಶಾಯಿ ಹೆಪ್ಪುಗಟ್ಟುತ್ತದೆಂದು ಎಲ್ಲವನ್ನೂ ಪೆನ್ಸಿಲಿನಲ್ಲೇ ಬರೆದಿದ್ದಳು. ಕೆಳಗೆ ಬೂಟಿನ ಲೇಸಿನಿಂದ ಕಟ್ಟಿದ ಒಂದು ಕಂತೆ ಕಾಗದ. ಎಲ್ಲವೂ ದೇಶದ ಆ ತುದಿಯ ಕೇಪ್ ಬ್ರೆಟನ್ ದ್ವೀಪದಿಂದ ಬಂದವು, ಎಲ್ಲಕ್ಕೂ ಎಫಿ ಪೆಟ್ರಿ ಎಂಬ ಸಹಿ. ವೆರೀನಾಳ ಉತ್ತರಗಳು ಅಲ್ಲೇ ಉಳಿದಿರಬೇಕೆಂದು ನಾನು ಆ ವಿಳಾಸಕ್ಕೆ ಬರೆದೆ. ಎರಡು ತಿಂಗಳಾದ ಮೇಲೆ ಎಫಿಯ ಕಿರಿಮಗಳ ಮಗಳು ಶೀನಾ ಆ ಕಾಗದಗಳಿದ್ದ ಒಂದು ಬಿಸ್ಕತ್ತಿನ ಡಬ್ಬಿ ಕಳಿಸಿದಳು. ಎರಡು ಕಡೆಯ ಕಾಗದಗಳನ್ನೂ ತಾರೀಖಿನಂತೆ ಜೋಡಿಸಿ ಓದುತ್ತ ಹೋದೆ. ಅಷ್ಟು ವರ್ಷ ಪಕ್ಕದಲ್ಲೇ ಕೂತಿದ್ದವಳ ಬಾಳು ನನಗೆ ಗೊತ್ತಾಗಿದ್ದು ಆಗಲೇ.

ವೆರೀನಾಳ ಅಪ್ಪ ಸ್ವಿಟ್ಜರ್ಲೆಂಡಿನಿಂದ ಬಂದವನು. ರೈಲಿನಲ್ಲಿ ಬರುವ ಪ್ರವಾಸಿಗರನ್ನು ಬೆಟ್ಟ ಹತ್ತಿಸುವುದು ಅವನ ಕಸುಬು. ಗಂಡುಮಕ್ಕಳಿರಲಿಲ್ಲ, ಮಗಳಿಗೆ ಹತ್ತು ತುಂಬಿದಾಗ ಅವಳ ಸೊಂಟಕ್ಕೇ ಹಗ್ಗ ಕಟ್ಟಿದ. ಇಪ್ಪತ್ತೆರಡಕ್ಕೆ ಅವಳಿಗೆ ಅಂಚೆ ಕಚೇರಿ ಕೆಲಸ ಸಿಕ್ಕಿತು. ಶನಿವಾರ ಮಧ್ಯಾಹ್ನ ಬಾಗಿಲು ಹಾಕಿದಳೆಂದರೆ ಸೋಮವಾರದವರೆಗೆ ಬೆಟ್ಟದಲ್ಲೇ.

"ಒಂದು ಭಾನುವಾರನಾದ್ರೂ ಚರ್ಚಿಗೆ ಬಾರೇ, ಬೆಟ್ಟ ಏನು ಓಡಿಹೋಗುತ್ತಾ?" ಎಂದು ಊರ ಹೆಂಗಸರು ಕೆಣಕುತ್ತಿದ್ದರು.

"ನೀವೆಲ್ಲ ಅಷ್ಟು ಜೋರಾಗಿ ಹಾಡಿದ್ರೆ ದೇವರು ಅಲ್ಲಿರ್ತಾನಾ? ಅವನೂ ಬೆಟ್ಟಕ್ಕೇ ಬಂದಿರ್ತಾನೆ," ಎನ್ನುತ್ತಿದ್ದಳು.

ಅವಳ ಜೊತೆ ಹತ್ತುತ್ತಿದ್ದವನು ಆಂಗಸ್ ಪೆಟ್ರಿ, ಎಫಿಯ ಮಗ. ಇಲ್ಲಿನ ಮರದ ಮಿಲ್ಲಿಗೆ ಕೆಲಸ ಹುಡುಕಿಕೊಂಡು ಬಂದವನು. ಮದುವೆ ಯಾವಾಗ ಎಂದು ಯಾರಾದರೂ ಕೇಳಿದರೆ ವೆರೀನಾ, "ಒಂದೇ ಹಗ್ಗಕ್ಕೆ ಕಟ್ಕೊಂಡು ಓಡಾಡ್ತೀವಲ್ಲ, ಇನ್ನೆಂಥ ಮದುವೆ?" ಎಂದು ನಗುತ್ತಿದ್ದಳಂತೆ.

೧೯೩೮ರ ಸೆಪ್ಟೆಂಬರಿನಲ್ಲಿ ಇಬ್ಬರೂ ಊರ ಪಶ್ಚಿಮದ ಹಿಮನದಿ ದಾಟುತ್ತಿದ್ದಾಗ ಆಂಗಸನ ಕಾಲ ಕೆಳಗಿನ ಹಿಮ ಕುಸಿಯಿತು. ಅವನು ಬಿರುಕಿನೊಳಗೆ ಬಿದ್ದ. ಮಂಜುಗಡ್ಡೆಯ ಅಂಚಿಗೆ ಉಜ್ಜಿ ಉಜ್ಜಿ ಹಗ್ಗ ಹರಿದುಹೋಯಿತು. ಹೆಣವೂ ಸಿಗಲಿಲ್ಲ.

ಎಫಿಯ ಮೊದಲ ಕಾಗದದಲ್ಲಿ ಇದ್ದದ್ದು ಒಂದೇ ಸಾಲು: "ಹಗ್ಗ ನಿನ್ನ ಕೈಯಲ್ಲಿತ್ತು. ನೀನು ಹೇಗೆ ಮನೆಗೆ ಬಂದೆ?"

ಅದಕ್ಕೆ ವೆರೀನಾ ಹನ್ನೊಂದು ಹಾಳೆ ಬರೆದಿದ್ದಾಳೆ. ಊರಿನಲ್ಲಿ ಯಾರಿಗೂ ಹೇಳದ ಮಾತು ಅದರಲ್ಲಿದೆ. ಅಂದು ಬೆಳಗ್ಗೆ ಆಂಗಸ್, ಹಿಮ ಮೆತ್ತಗಾಗಿದೆ, ವಾಪಸ್ ಹೋಗೋಣ ಎಂದಿದ್ದ. "ನಾನು ಅವನನ್ನು ಪುಕ್ಕಲ ಎಂದೆ. ಅವನು ನಕ್ಕು ಮುಂದೆ ನಡೆದ. ಎರಡು ಗಂಟೆ ಕೂಗಿದೆ, ಉತ್ತರ ಬರಲಿಲ್ಲ. ಇದನ್ನು ನಿಮಗೆ ಹೇಳದೆ ಬೇರೆ ಯಾರಿಗೆ ಹೇಳಲಿ?"

ಒಂದು ವರ್ಷ ಅತ್ತಲಿಂದ ಸುದ್ದಿಯೇ ಇಲ್ಲ. ಆಮೇಲೆ ಎಫಿ ಬರೆದಳು: "ಅವನಿರುವ ಜಾಗಕ್ಕೆ ಬಿಸಿಲು ಬೀಳುತ್ತದೆಯೇ?"

ವೆರೀನಾ ಒಬ್ಬಳೇ ಹೋಗಿ ಎದುರಿನ ಬಂಡೆಯ ಮೇಲೆ ಇಡೀ ದಿನ ಕೂತಳು. "ಬೆಳಗ್ಗೆ ಎಂಟೂವರೆಗೆ ಬಿಸಿಲು ಬರುತ್ತದೆ, ಎರಡು ಗಂಟೆಗೆ ಹೋಗುತ್ತದೆ. ಗಾಳಿ ಕಡಿಮೆ. ಕೆಳಗಿನ ಹುಲ್ಲಿನಲ್ಲಿ ಎರಡು ಕರಡಿಮರಿಗಳಿದ್ದವು," ಎಂದು ಉತ್ತರಿಸಿದಳು. ಅಂದಿನಿಂದ ಪ್ರತಿ ಸೆಪ್ಟೆಂಬರಿನಲ್ಲೂ ಹೋದಳು, ಕಂಡದ್ದನ್ನು ಬರೆದಳು. ಎಫಿಯ ಉತ್ತರಗಳೂ ಉದ್ದವಾಗುತ್ತ ಹೋದವು. ಹಸು ಕರು ಹಾಕಿದ್ದು, ಮೀನು ಸಿಗದ ವರ್ಷ, ಆಂಗಸ್ ಏಳು ವರ್ಷದವನಾಗಿದ್ದಾಗ ಚರ್ಚಿನ ಮಾಡು ಹತ್ತಿ ಇಳಿಯಲಾರದೆ ಅತ್ತದ್ದು.

೧೯೫೧ರಲ್ಲಿ ಎಪ್ಪತ್ತನಾಲ್ಕು ವರ್ಷದ ಎಫಿ ಅಜ್ಜಿ ಐದು ದಿನ ರೈಲಿನಲ್ಲಿ ಕೂತು ನಮ್ಮೂರಿಗೆ ಬಂದಳು. ಕೈಯಲ್ಲಿ ಓಟ್ಸ್ ರೊಟ್ಟಿಯ ಗಂಟು. ಆಗ ತಾನೇ ಅಂಚೆ ಕಚೇರಿಗೆ ಸೇರಿದ್ದ ನಾನೂ ಸ್ಟೇಷನ್ನಿಗೆ ಹೋಗಿದ್ದೆ. ಇಳಿದವಳೇ ವೆರೀನಾಳನ್ನು ಮೇಲಿಂದ ಕೆಳಗೆ ನೋಡಿದಳು.

"ಇಷ್ಟೇನಾ ನೀನು? ನಿನ್ನ ಕಾಗದ ಓದಿ ಆನೆ ಹಾಗಿರ್ತೀಯ ಅಂದ್ಕೊಂಡಿದ್ದೆ."

ವೆರೀನಾ ಅಂದು ಅತ್ತಳು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ಅಜ್ಜಿಯನ್ನು ಕುದುರೆಯ ಮೇಲೆ ಕೂರಿಸಿ ಮೇಲಿನ ಹುಲ್ಲುಗಾವಲಿಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಅವಳು ಕುದುರೆಗೆ ಬೈದಳು: "ಮೆಲ್ಲಗೆ ಹೋಗೋ ಮೂದೇವಿ, ನಾನೇನು ಹಿಟ್ಟಿನ ಮೂಟೆನಾ?" ಹಿಮನದಿ ಕಂಡ ಕೂಡಲೇ ಕುದುರೆ ನಿಲ್ಲಿಸಿ ಎಂದಳು. ವೆರೀನಾ ಕೈಮಾಡಿ ಜಾಗ ತೋರಿಸಿದಳು. ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ಅತ್ತ ನೋಡಿದಳು.

"ಚೆನ್ನಾಗಿದೆ. ಸಮುದ್ರದ ಹಾಗೇ ಇದೆ," ಎಂದಳು. ಆಮೇಲೆ ವೆರೀನಾಳ ಕಡೆ ತಿರುಗಿ, "ಚಿಕ್ಕೋನಾಗಿದ್ದಾಗ ನಾನೂ ಅವನ್ನ ಪುಕ್ಕಲ ಅಂತಿದ್ದೆ. ಯಾರು ಹಾಗಂದ್ರೂ ನಕ್ಕೊಂಡು ಹೋಗಿಬಿಡೋನು. ಅವನಿಷ್ಟ ಇಲ್ದೆ ಅವನ್ನ ಒಂದು ಹೆಜ್ಜೆ ನಡೆಸೋಕೆ ನನ್ನ ಕೈಲೇ ಆಗ್ತಿರಲಿಲ್ಲ, ನಿನ್ನ ಕೈಲಾಗುತ್ತಾ? ಹದಿಮೂರು ವರ್ಷ ಹೊತ್ತಿದ್ದೀಯ. ಸಾಕು ಮಗಳೇ, ಇಳಿಸು," ಎಂದಳು. ರೊಟ್ಟಿ ಮುರಿದು ಮೂವರಿಗೂ ಹಂಚಿದಳು. ಕಲ್ಲಿನಂತಿತ್ತು, ಚಹಾದಲ್ಲಿ ಅದ್ದಿಕೊಂಡು ತಿಂದೆವು.

ಆ ಮಾತು ಯಾವುದರ ಬಗ್ಗೆ ಎಂದು ನಾನು ಕೇಳಲಿಲ್ಲ. ವೆರೀನಾಳೂ ಹೇಳಲಿಲ್ಲ. ಆದರೆ ಮರುವರ್ಷದಿಂದ ಅವಳು ನಮ್ಮಂಥ ಹುಡುಗಿಯರನ್ನು ಬೆಟ್ಟಕ್ಕೆ ಕರೆದೊಯ್ಯತೊಡಗಿದಳು. "ಭಯ ಆದ್ರೆ ಬಾಯಿಬಿಟ್ಟು ಹೇಳ್ರೇ," ಎನ್ನುತ್ತಿದ್ದಳು. ಹೇಳಿದರೆ ಆ ಕ್ಷಣವೇ ಎಲ್ಲರನ್ನೂ ವಾಪಸ್ ಕರೆತರುತ್ತಿದ್ದಳು. ಶಿಖರ ಇನ್ನು ನೂರು ಹೆಜ್ಜೆ ಇರುವಾಗ ನನಗೋಸ್ಕರ ಒಮ್ಮೆ ಹಾಗೆ ತಿರುಗಿದ್ದಾಳೆ. ಉಳಿದ ಹುಡುಗಿಯರು ವಾರವಿಡೀ ನನ್ನ ಜೊತೆ ಮಾತು ಬಿಟ್ಟಿದ್ದರು.

ಎಫಿ ಅಜ್ಜಿ ೧೯೫೮ರಲ್ಲಿ ತೀರಿಕೊಂಡಳು. ವೆರೀನಾ ಎಪ್ಪತ್ತು ದಾಟುವವರೆಗೂ ಹತ್ತಿದಳು. ಕೊನೆಯ ನೋಟ್‌ಬುಕ್ಕಿನಲ್ಲಿ ಇರುವುದು ಹೆಚ್ಚಾಗಿ ಹಕ್ಕಿಗಳ ಹೆಸರು, ಮಂಡಿನೋವಿನ ವರದಿ.

ಹೋದ ಬೇಸಿಗೆ ಶೀನಾ ಇಲ್ಲಿಗೆ ಬಂದಿದ್ದಳು. ಎರಡು ದಿನ ಕೂತು ಎಲ್ಲ ಕಾಗದ ಓದಿದಳು. ಆಮೇಲೆ ಹಿಮನದಿಗೆ ದಾರಿ ಕೇಳಿದಳು. ನನ್ನ ಕಾಲು ಈಗ ಅಷ್ಟು ದೂರ ಬರುವುದಿಲ್ಲ. ಮೇಜಿನ ಮೇಲಿದ್ದ ಲಕೋಟೆಯ ಹಿಂದೆ ನಕ್ಷೆ ಬರೆದುಕೊಟ್ಟು, ಎರಡನೇ ಹೊಳೆ ದಾಟುವ ಜಾಗಕ್ಕೆ ಗುರುತು ಹಾಕಿದೆ.

"ಒಬ್ಳೇ ಹೋಗ್ಬೇಡ ಕಣೆ," ಎಂದೆ.

"ಇಲ್ಲ, ನಮ್ಮಮ್ಮನೂ ಬಂದಿದ್ದಾಳೆ. ಹೋಟೆಲಲ್ಲಿ ಬೂಟು ಹಾಕ್ಕೊಳ್ತಿದ್ದಾಳೆ," ಎಂದಳು ಶೀನಾ.